ಎಡಗಡೆಯ ದನಿ

ಆಯುಧಪೂಜೆ ಕಳೆದ ಮೇಲಿನ ಹದಿನೈದು ದಿನ ಮಾದಸ್ವಾಮಿಗೆ ಸುಗ್ಗಿ. ಯಳಂದೂರು ಕಡೆಯ ಗದ್ದೆಗಳಲ್ಲಿ ಭತ್ತ ಆಗಷ್ಟೇ ಹೊಡೆ ಬಿಚ್ಚುತ್ತಿತ್ತು, ಕುಡುಗೋಲಿಗೆ ಇನ್ನೂ ತಿಂಗಳ ಮೇಲೆ ಬಿಡುವಿತ್ತು. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹಿಂದೆ, ಮೆಟ್ಟಿಲ ಕೆಳಗಿನ ಅವನ ಪುಟ್ಟ ಅಂಗಡಿಯಲ್ಲಿ ಮಾತ್ರ ಕೊಯ್ಲು ಶುರುವಾಗಿಬಿಟ್ಟಿತ್ತು. ಪೂಜೆ ಮಾಡಿಸಿಕೊಂಡ ಕಂಪ್ಯೂಟರುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಕೀಬೋರ್ಡಿನ ಸಂದಿಯಲ್ಲಿ ಕುಂಕುಮ, ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡ ಚೆಂಡುಹೂವಿನ ಎಸಳು, ಪ್ರಿಂಟರಿನ ಹೊಟ್ಟೆಯೊಳಗೆ ನಿಂಬೆಹಣ್ಣಿನ ಬೀಜ. ಅವನು ಸಣ್ಣ ಬ್ರಷ್ಷು ಹಿಡಿದು ಬೆಳಗಿನಿಂದ ಒಂದೊಂದೇ ಉದುರಿಸುತ್ತ ಕೂತಿದ್ದ. ಮೇಜಿನ ಮೇಲೆ ಹಾಸಿದ ಪೇಪರು ಮಧ್ಯಾಹ್ನದ ಹೊತ್ತಿಗೆ ದೇವರ ಕೋಣೆಯ ನೆಲದ ಹಾಗಾಗಿತ್ತು.

"ಲೋ ಮಾದ, ಅದ್ನೆಲ್ಲ ಒಂದು ಡಬ್ಬಕ್ಕೆ ತುಂಬಿಡ್ಲಾ," ಎಂದಳು ಪಕ್ಕದ ಜೆರಾಕ್ಸ್ ಅಂಗಡಿಯ ರತ್ನಕ್ಕ, ಗೋಡೆಯ ಆಚೆಯಿಂದಲೇ. "ಮುಂದ್ಲೊರ್ಸ ಅವರಿಗೇ ಮಾರ್ಬೋದು."

ಮಾಲಿನಿ ಮೊದಲ ಸಲ ಬಂದದ್ದು ಆ ಹೊತ್ತಿಗೆ. ಯಳಂದೂರಿನ ಬಸ್ಸಿನಿಂದ ಇಳಿದವಳು ಸೆರಗಿನಿಂದ ಹಣೆ ಒರೆಸಿಕೊಂಡು, ಬ್ಯಾಗಿನಿಂದ ಒಂದು ಕರೀ ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟಳು. ವೈರಿಲ್ಲದ್ದು. ಜೊತೆಗೆ ಉಗುರಿನಷ್ಟು ದೊಡ್ಡ ಒಂದು ಯುಎಸ್‌ಬಿ ಗುಂಡು. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಹೆಡ್‌ಸೆಟ್ಟಿನಲ್ಲಿ ದನಿ ಬರಬೇಕು.

"ಚಾರ್ಜೇ ಆಗ್ತಿಲ್ಲ ಸಾರ್. ಆದ್ರೂ ಸರಿಯಾಗಿ ಕೇಳಲ್ಲ. ಕಂಪನಿದು ಇದು, ನಂದಲ್ಲ."

ಅವನು ಭೂತಗನ್ನಡಿ ಹಿಡಿದು ಚಾರ್ಜಿನ ತೂತು ನೋಡಿದ. ಒಳಗೆ ಬೆಳ್ಳಗೆ ಗಟ್ಟಿ ಕಟ್ಟಿತ್ತು.

"ಮೇಡಂ, ಇದು ಕೆಟ್ಟಿಲ್ಲ. ಪೂಜೆ ಜಾಸ್ತಿ ಆಗ್ಬುಟ್ಟದೆ."

"ಅಯ್ಯೋ, ವಿಭೂತಿನಾ?"

"ಇಭೂತಿ, ಗಂಧ, ಎರಡೂ ಅದೆ."

ಅವಳು ನಕ್ಕಳು. ನಗುವಾಗ ಮೊದಲು ಕಣ್ಣು ಕಿರಿದಾಗಿ, ಆಮೇಲೆ ತುಟಿ ಬಿಚ್ಚುತ್ತಿತ್ತು. ನಗಬೇಕೋ ಬೇಡವೋ ಎಂದು ಒಂದು ಕ್ಷಣ ಯಾರನ್ನೋ ಕೇಳಿಕೊಂಡ ಹಾಗೆ. "ನಮ್ಮಮ್ಮ ಲ್ಯಾಪ್‌ಟಾಪಿಗೆ ಮೂರು ಬೆರಳಲ್ಲಿ ಬಳಿದ್ರು. ಇದಕ್ಕೆ ಎರಡೂ ಕೆನ್ನೆಗೆ ಹಚ್ಚಿದ್ರು. ಬೇಡ ಅಂದ್ರೆ, ಅನ್ನ ಕೊಡೋ ವಸ್ತು ಸುಮ್ನಿರು ಅಂದ್ರು."

ಅವಳ ಕೆಲಸವನ್ನು ಅವಳೇ ಹೇಳಿದಳು. ರೈತರ ಸಹಾಯವಾಣಿಗೆ ಬಂದ ಫೋನುಗಳ ರೆಕಾರ್ಡಿಂಗನ್ನು ಮೈಸೂರಿನ ಒಂದು ಆಫೀಸಿನವರು ಕಳಿಸುತ್ತಾರೆ. ಇವಳು ಮನೆಯಲ್ಲೇ ಕೂತು ಕೇಳಿ, ರೈತ ಏನು ಕೇಳಿದ, ಆಫೀಸಿನವರು ಏನು ಹೇಳಿದರು, ಎಲ್ಲ ಟೈಪು ಮಾಡಿ ಕಳಿಸಬೇಕು. ಆರು ತಿಂಗಳು ಟ್ರೈನಿಂಗು. ಅದು ಮುಗಿಯುವುದಕ್ಕೆ ಇನ್ನು ಒಂಬತ್ತೇ ದಿನ. ಆಮೇಲೆ ಪರ್ಮನೆಂಟು, ಇಲ್ಲದಿದ್ದರೆ ಇಲ್ಲ.

"ಪರ್ಮನೆಂಟ್ ಆದ್ರೆ ಎರಡು ವರ್ಷ ನನ್ನ ಮದುವೆ ಮಾತೆತ್ತಲ್ಲ ಅಂತ ಅಪ್ಪ ಮಾತು ಕೊಟ್ಟಿದ್ದಾರೆ," ಎಂದವಳು ಅಪರಿಚಿತನ ಮುಂದೆ ಹೆಚ್ಚು ಹೇಳಿಬಿಟ್ಟೆನೇನೋ ಎಂದು ನಿಲ್ಲಿಸಿದಳು.

ಮಾದಸ್ವಾಮಿ ಸೂಜಿಯಿಂದ ವಿಭೂತಿ ಕೆರೆದು, ಸ್ಪಿರಿಟ್ ಹಚ್ಚಿ ಒರೆಸಿ, ಚಾರ್ಜಿಗೆ ಹಾಕಿದ. ಹಸಿರು ದೀಪ ಹತ್ತಿತು. ತನ್ನ ಕಂಪ್ಯೂಟರಿಗೆ ಗುಂಡು ಸಿಕ್ಕಿಸಿ, ಅವಳು ತಂದಿದ್ದ ಟ್ರೈನಿಂಗಿನ ಮಾದರಿ ರೆಕಾರ್ಡಿಂಗೊಂದನ್ನು ಹಾಕಿ ಹೆಡ್‌ಸೆಟ್ ತಲೆಗೇರಿಸಿದ. ಯಾರೋ ರೈತ ಅರಿಶಿನಕ್ಕೆ ರೋಗ ಬಂದದೆ ಎನ್ನುತ್ತಿದ್ದ, ಯಾವುದೋ ಹುಡುಗಿ ಔಷಧಿ ಹೇಳುತ್ತಿದ್ದಳು. ಅವಳಿಗೂ ಕೊಟ್ಟ. ಮುಡಿದಿದ್ದ ಕಾಕಡ ಹೂವು ಕೆಡಬಾರದೆಂದು ಅವಳು ತಲೆಗೆ ಹಾಕಿಕೊಳ್ಳದೆ, ಒಂದು ಬಟ್ಟಲನ್ನಷ್ಟೆ ಬಲಗಿವಿಗೆ ಒತ್ತಿಕೊಂಡು ಕೇಳಿದಳು.

"ಇಬ್ಬರದೂ ಬರ್ತಿದೆ. ಎಷ್ಟಾಯ್ತು?"

"ಮನೇಲೂ ಸರಿಯಾಗಿ ಕೇಳುಸ್ಲಿ. ಆಮೇಲೆ ಕೊಡೀರಂತೆ."

ಅವಳು ಹೋದ ಮೇಲೆ ರತ್ನಕ್ಕ ಗೋಡೆಯ ಆಚೆಯಿಂದ ಕೆಮ್ಮಿದಳು. "ನಾನು ಮೌಸ್ ತಂದ್ಕೊಟ್ರೆ ಮೊದ್ಲೇ ಕಾಸು ಇಸ್ಕತಿಯ."

ಮಾದಸ್ವಾಮಿಗೆ ಮೂವತ್ಮೂರು. ಊರು ಹನೂರಿನಾಚೆ ಕೌದಳ್ಳಿ, ಅಪ್ಪ ಅಮ್ಮ ಇಬ್ಬರೂ ಕೂಲಿಯವರು. ಇಪ್ಪತ್ತನೇ ವಯಸ್ಸಿನಲ್ಲಿ ಕರಿಕಲ್ಲಿನ ಕ್ವಾರಿಯಲ್ಲಿ ಕೆಲಸಕ್ಕಿದ್ದಾಗ, ಸಿಡಿಯಿತು ಎಂದುಕೊಂಡಿದ್ದ ಮದ್ದಿನ ಕುಳಿಯೊಂದು ತಡವಾಗಿ ಸಿಡಿದು ಅವನ ಎಡಗಿವಿ ಹೋಯಿತು. ಹೊರಗೆ ಏನೂ ಕಾಣುತ್ತಿರಲಿಲ್ಲ. ಎರಡು ಕಡೆ ಹೆಣ್ಣು ನೋಡಲು ಹೋದಾಗ ಅಮ್ಮ ಪುಟ್ಟಗೌರಮ್ಮ ಮುಚ್ಚಿಡದೆ ಹೇಳಿದ್ದಳು. ಎರಡು ಕಡೆಯಿಂದಲೂ ಮರುಮಾತು ಬರಲಿಲ್ಲ. ಅಲ್ಲಿಂದೀಚೆಗೆ ಅವನು ಯಾರಿಗೂ ಹೇಳಲಿಲ್ಲ. ಬಸ್ಸಿನಲ್ಲಿ ಎಡಗಡೆಯ ಕಿಟಕಿಯೇ ಹಿಡಿಯುತ್ತಿದ್ದ. ಅಂಗಡಿಯಲ್ಲಿ ಗಿರಾಕಿಗಳು ಬಲಗಡೆಗೇ ಬಂದು ನಿಲ್ಲುವ ಹಾಗೆ ಎಡಗಡೆಗೆ ಹಳೇ ಸಿಪಿಯುಗಳ ರಾಶಿ ಪೇರಿಸಿಕೊಂಡಿದ್ದ. ಎಡಗಡೆಯ ವಿಷಯ ಯೋಚಿಸದೇ ಇರುವುದು ಅವನಿಗೆ ಹದಿಮೂರು ವರ್ಷದ ಅಭ್ಯಾಸ.

*

ಎರಡು ದಿನ ಬಿಟ್ಟು ಮಾಲಿನಿ ಮತ್ತೆ ಬಂದಳು. ಈ ಸಲ ಲ್ಯಾಪ್‌ಟಾಪೂ ಬಗಲಲ್ಲಿತ್ತು.

"ಮನೇಲಿ ರೈತರ ದನಿನೇ ಬರಲ್ಲ. ಬರೀ ಆಫೀಸಿನವರ ಮಾತು. ಉತ್ತರ ಕೇಳ್ತದೆ, ಪ್ರಶ್ನೆ ಕೇಳಲ್ಲ. ನಾನೇನ್ ಊಹೆ ಮಾಡ್ಕೊಂಡು ಟೈಪ್ ಮಾಡ್ಲಾ?"

"ಇಲ್ಲಿ ಬತ್ತಿತ್ತಲ್ಲ."

"ಇಲ್ಲಿ ಬರ್ತದೆ. ನಿಮ್ಮ ಅಂಗಡಿ ಬಿಟ್ಟು ಹೊರಗೆ ಕಾಲಿಟ್ರೆ ನಿಂತೋಗ್ತದೆ." ಅವಳು ಕಣ್ಣು ಕಿರಿದು ಮಾಡಿ ಅವನನ್ನೇ ನೋಡಿದಳು. "ನಾನು ಮತ್ತೆ ಮತ್ತೆ ಬರ್ಲಿ ಅಂತ ಬೇಕಂತ್ಲೇ ಏನಾದ್ರೂ ಮಾಡಿದ್ದೀರಾ?"

ಅವನ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮೇಜಿನ ಕೆಳಗೇ ಇದ್ದ. ಮೇಲೆದ್ದಾಗ ಅವಳು ಬೇರೆ ಕಡೆ ನೋಡುತ್ತಿದ್ದಳು, ಕೆನ್ನೆಯ ಅಂಚಿನಲ್ಲಿ ಮಾತ್ರ ನಗು ಉಳಿದಿತ್ತು.

"ಹಂಗೆಲ್ಲ ಮಾಡಲ್ಲ ಮೇಡಂ."

"ಮೇಡಂ ಅನ್ಬೇಡಿ. ಮಾಲಿನಿ."

ಅವಳ ಲ್ಯಾಪ್‌ಟಾಪಿಗೆ ಗುಂಡು ಸಿಕ್ಕಿಸಿ ಕೇಳಿದ. ನಿಜ, ಆಫೀಸಿನ ಹುಡುಗಿಯ ದನಿಯೊಂದೇ. ಅದೇ ಗುಂಡು, ಅದೇ ಹೆಡ್‌ಸೆಟ್, ಅದೇ ರೆಕಾರ್ಡಿಂಗ್ ತನ್ನ ಕಂಪ್ಯೂಟರಿಗೆ ಹಾಕಿದ. ರೈತನ ದನಿಯೂ ಬಂತು. ಡ್ರೈವರ್ ತೆಗೆದು ಹೊಸದಾಗಿ ಹಾಕಿದ. ಲ್ಯಾಪ್‌ಟಾಪಿನ ಮೂರು ತೂತುಗಳಿಗೂ ಗುಂಡನ್ನು ಬದಲಿಸಿ ನೋಡಿದ. ಹೆಡ್‌ಸೆಟ್ಟಿನ ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿದು, ಎರಡನ್ನೂ ಬಿಡಿಸಿ ಮತ್ತೆ ಜೋಡಿಸಿದ. ಅವಳು ಗಲ್ಲಕ್ಕೆ ಕೈಕೊಟ್ಟು ಅವನ ಬೆರಳುಗಳನ್ನೇ ನೋಡುತ್ತಿದ್ದಳು.

"ಬೇರೆ ಗುಂಡು ಹಾಕಿ ನೋಡಿದ್ರೆ?"

"ಆಗಲ್ಲ. ಇದ್ರ ಜೊತೆ ಇದ್ನೇ ಕಂಪನಿಯೋರು ಜೋಡಿಸಿ ಕಳಿಸಿರ್ತಾರೆ. ಬೇರೇದಕ್ಕೆ ಓಗೊಡಲ್ಲ."

"ಬಿಚ್ಚಿ ಬೇರೆ ಕಟ್ಟಕ್ಕೇ ಆಗಲ್ವಾ?"

"ಕೆಲವಕ್ಕೆ ಆಯ್ತದೆ. ಇದಕ್ಕಾಗಲ್ಲ."

"ನಮ್ಮ ಅಪ್ಪನೇ ಮಾಡಿರ್ಬೇಕು ಈ ಕಂಪನೀನ," ಎಂದಳು. ಇಬ್ಬರೂ ನಕ್ಕರು.

ಅವನು ಬಂದ ತೀರ್ಮಾನ ಒಂದೇ. ಹೆಡ್‌ಸೆಟ್ ಸರಿಯಿದೆ, ಲ್ಯಾಪ್‌ಟಾಪೇ ಕೆಟ್ಟಿದೆ. ಅದೂ ಕಂಪನಿಯದೇ ಆದ್ದರಿಂದ ಬಿಚ್ಚುವಂತಿಲ್ಲ.

"ನಾನು ಹೇಳಿದ್ರೆ ನಂಬಲ್ಲ ಅವರು," ಎಂದಳು ಮಾಲಿನಿ.

"ನಾನು ಬರ್ಕೊಡ್ತೀನಿ." ಅವನು ಅಂಗಡಿಯ ಲೆಟರ್‌ಹೆಡ್ ತೆಗೆದು, ಹೆಡ್‌ಸೆಟ್ ಪರೀಕ್ಷಿಸಲಾಗಿದೆ, ಸರಿಯಾಗಿ ಕೆಲಸ ಮಾಡುತ್ತಿದೆ, ದೋಷ ಲ್ಯಾಪ್‌ಟಾಪಿನಲ್ಲಿದೆ ಎಂದು ದುಂಡಗೆ ಬರೆದು, ಸಹಿ ಹಾಕಿ, ಸೀಲು ಒತ್ತಿದ. ಅಷ್ಟು ಧೈರ್ಯವಾಗಿ ಅವನು ಯಾರ ಪರವಾಗಿಯೂ ಏನನ್ನೂ ಬರೆದುಕೊಟ್ಟಿರಲಿಲ್ಲ. ಅವಳು ಸೀಲಿನ ಮಸಿ ಆರಲೆಂದು ಹಾಳೆಗೆ ಮೆಲ್ಲಗೆ ಉಫ್ ಎಂದು ಊದಿದಳು. ಆ ಗಾಳಿ ಅವನ ಕೈಗೂ ತಾಕಿತು. ಬಸ್ಸು ಹೊರಟು ಅರ್ಧ ಗಂಟೆಯಾದರೂ ಅವನು ಆ ಕೈ ತೊಳೆಯಲಿಲ್ಲ.

*

ಸೋಮವಾರ ಬಂದವಳ ಮುಖದಲ್ಲಿ ನಗುವಿರಲಿಲ್ಲ. ಮೈಸೂರಿನವರು ಅಲ್ಲಿಂದಲೇ ಲ್ಯಾಪ್‌ಟಾಪಿನೊಳಕ್ಕೆ ಹೊಕ್ಕು ನೋಡಿ, ಇದರಲ್ಲಿ ಒಂದು ದೋಷವೂ ಇಲ್ಲ ಎಂದಿದ್ದರು. ಹೆಡ್‌ಸೆಟ್ ಸರಿಯಿದೆ ಎಂದು ನೀವೇ ಕಾಗದ ಕಳಿಸಿದ್ದೀರಿ, ಲ್ಯಾಪ್‌ಟಾಪ್ ಸರಿಯಿದೆ ಎಂದು ನಾವು ಹೇಳುತ್ತಿದ್ದೇವೆ, ಹಾಗಿದ್ದರೆ ಕೆಲಸ ಆಗದಿರುವುದು ಯಾರಿಂದ ಎಂದು ಕೇಳಿದ್ದರು. ಬುಧವಾರ ಸಂಜೆಯೊಳಗೆ ನಲವತ್ತು ಫೋನುಗಳನ್ನು ಟೈಪು ಮಾಡಿ ಕಳಿಸಬೇಕು. ಅದೇ ಕೊನೆಯ ಪರೀಕ್ಷೆ.

"ಸ್ಪೀಕರಲ್ಲಿ ಹಾಕ್ಕೊಂಡು ಕೇಳಿ."

"ಹಂಗೆ ಕೇಳಂಗಿಲ್ಲ. ರೈತರ ಹೆಸರು, ಊರು ಎಲ್ಲ ಇರ್ತದೆ. ಈ ಲ್ಯಾಪ್‌ಟಾಪಲ್ಲೇ, ಹೆಡ್‌ಸೆಟ್ ಇದ್ರೆ ಮಾತ್ರ ಅದು ಓಪನ್ ಆಗೋದು. ಬೇರೆ ಇಯರ್‌ಫೋನ್ ಸಿಗಿಸೋ ತೂತೂ ಮೊದ್ಲಿಂದ ಕೆಟ್ಟಿದೆ."

ಅವನು ಗೋಡೆಯ ಮೊಳೆಗೆ ತಗುಲಿಹಾಕಿದ್ದ ತನ್ನ ಸ್ವಂತ ಹೆಡ್‌ಸೆಟ್ ತೆಗೆದ. ವೈರಿನದು, ಹಳೆಯದು. ಒಂದು ಬಟ್ಟಲಿನ ಸ್ಪಂಜು ಹರಿದಿತ್ತು. "ಇದು ಯುಎಸ್‌ಬಿಗೇ ಹಾಕೋದು. ಮೂರು ವರ್ಷದಿಂದ ಇದ್ರಲ್ಲೇ ಹಾಡು ಕೇಳ್ತಿದ್ದೀನಿ, ಒಂದಿನ ಕೈಕೊಟ್ಟಿಲ್ಲ."

ಅವಳು ಅದನ್ನು ಎರಡೂ ಕೈಯಲ್ಲಿ ಈಸಿಕೊಂಡಳು. "ನಿಮಗೆ?"

"ನಂಗ್ಯಾಕೆ. ಬಸ್ಸಿನ ಆರನ್ ಕೇಳ್ಕೊಂಡಿರ್ತೀನಿ."

"ಯಾವ ಹಾಡು ಕೇಳ್ತೀರಾ ಇದ್ರಲ್ಲಿ?"

"ಯಾವುದಾರ."

"ಯಾವುದಾರ ಅಂದ್ರೆ?"

"ಎಲ್ಲ ಹಾಡಲ್ಲೂ ಹೆಣ್ಮಕ್ಕಳ ದನಿ ಇರೋ ಭಾಗ ಮಾತ್ರ," ಎಂದುಬಿಟ್ಟ. ಗೋಡೆಯ ಆಚೆ ಜೆರಾಕ್ಸ್ ಮಿಷನ್ನು ಥಟ್ಟನೆ ನಿಂತಿತು. ಮಾಲಿನಿ ಹೋಗುವಾಗ ಬಾಗಿಲಲ್ಲಿ ಒಂದು ಸಲ ತಿರುಗಿ ನೋಡಿದಳು. ಬಿಸಿಲಿನಲ್ಲಿ ಅವಳ ಮುಖ ಸರಿಯಾಗಿ ಕಾಣಲಿಲ್ಲ. ಕಂಡಿದ್ದರೆ ಅವನು ಏನಾದರೂ ಹೇಳುತ್ತಿದ್ದನೋ ಏನೋ.

"ಲೋ," ಎಂದಳು ರತ್ನಕ್ಕ ಆಮೇಲೆ, ಬಾಗಿಲಿಗೇ ಬಂದು. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಆ ಉಡ್ಗಿ ಯಾರ ಮಗ್ಳು ಗೊತ್ತೇನ್ಲಾ? ಯಳಂದೂರು ಶಿವಕುಮಾರಸ್ವಾಮಿಗಳ ಮಗ್ಳು. ಗದ್ದೆ ಗಾಣ ಎಲ್ಲ ಇರೋರು. ನಾವು ಅವರ ಜಗಲಿ ದಾಟೋ ಜನ ಅಲ್ಲ ಕಣ್ಲಾ."

"ನಂಗೊತ್ತು ಕಣಕ್ಕ. ರಿಪೇರಿಗೆ ಬಂದವ್ರೆ, ಅಷ್ಟೇಯ."

"ಅಷ್ಟೇ ಆದ್ರೆ ಸರಿ."

*

ಗುರುವಾರ ಬೆಳಿಗ್ಗೆ ಅವನು ಒಂದು ಮದರ್‌ಬೋರ್ಡಿಗೆ ಬೆಸುಗೆ ಹಾಕುತ್ತಿದ್ದ. ತಗ್ಗಿಸಿದ ತಲೆ ಎತ್ತಿದಾಗ ಮಾಲಿನಿ ಅಂಗಡಿಯೊಳಗೇ ಇದ್ದಳು. ಎಡಗಡೆಯ ಸಿಪಿಯು ರಾಶಿಯ ಪಕ್ಕ, ಯಾರೂ ಕೂರದ ಸ್ಟೂಲಿನ ಮೇಲೆ ಕೂತಿದ್ದಳು. ಎರಡೂ ಹೆಡ್‌ಸೆಟ್ ಮಡಿಲಲ್ಲಿದ್ದವು.

"ಯಾವಾಗ ಬಂದ್ರಿ?"

ಅವಳು ಎದ್ದು, ಮೇಜು ಬಳಸಿ, ಅವನ ಬಲಗಡೆಗೆ ಬಂದು ನಿಂತಳು. ಆಮೇಲೆ ಹೇಳಿದಳು.

"ಹತ್ತು ನಿಮಿಷ ಆಯ್ತು. ನಾಲ್ಕು ಸಲ ಮಾತಾಡಿಸ್ದೆ."

ಬೆಸುಗೆಯ ಹೊಗೆ ಸಣ್ಣಗೆ ಮೇಲೇಳುತ್ತಿತ್ತು. ಅವನು ಕಡ್ಡಿಯನ್ನು ಸ್ಟ್ಯಾಂಡಿಗಿಟ್ಟ.

"ನಿನ್ನೆ ಟ್ರೈನಿಂಗಿನವರು ಫೋನಲ್ಲಿ ಬೈದ್ರು," ಎಂದಳು ಅವಳು. ದನಿ ಏರಲಿಲ್ಲ. "ಎಡಗಡೆ ಬಟ್ಟಲಿಗೆ ರೈತರ ದನಿ, ಬಲಗಡೆಗೆ ನಮ್ಮದು, ಹಂಗೆ ಬೇರೆ ಬೇರೆ ರೆಕಾರ್ಡ್ ಆಗಿರ್ತದೆ, ಇಷ್ಟೂ ಗೊತ್ತಾಗ್ಲಿಲ್ವಾ ನಿನಗೆ ಅಂದ್ರು. ಆಮೇಲೆ ನೋಡ್ಕೊಂಡೆ. ಕಂಪನಿದರಲ್ಲಿ ಎಡಗಡೆ ಸತ್ತೋಗಿದೆ. ನೀವು ಕೊಟ್ಟಿದ್ದರಲ್ಲೂ ಎಡಗಡೆ ಸತ್ತೋಗಿದೆ. ಮೂರು ವರ್ಷದಿಂದ ಕೇಳ್ತಿದ್ದೀನಿ ಅಂದಿದ್ರಲ್ಲ, ನಿಮಗೆ ಹೆಂಗೆ ಗೊತ್ತಾಗ್ಲಿಲ್ಲ ಅಂತ ರಾತ್ರಿಯೆಲ್ಲ ಯೋಚನೆ ಮಾಡ್ದೆ."

ಮಾದಸ್ವಾಮಿ ತನ್ನ ಕಂಪ್ಯೂಟರಿನ ಪರದೆ ನೋಡಿದ. ದನಿಯ ಸೆಟ್ಟಿಂಗ್ ತೆಗೆದ. ಅಲ್ಲಿತ್ತು. ಅಂಗಡಿ ಹಾಕಿದ ಹೊಸತರಲ್ಲಿ ಅವನೇ ಒತ್ತಿದ್ದ ಒಂದು ಸಣ್ಣ ಗುಂಡಿ. ಎಡಬಲದ ದನಿ ಎರಡನ್ನೂ ಕಲಸಿ ಎರಡು ಕಡೆಗೂ ಒಂದೇ ಸಮ ಕೊಡುವ ಗುಂಡಿ. ಒಂದೇ ಕಿವಿ ಇರುವವನಿಗೆ ಹಾಡಿನ ಅರ್ಧ ತಪ್ಪಿಹೋಗದಿರಲಿ ಎಂದು ಮಾಡಿಕೊಂಡದ್ದು, ಮಾಡಿ ಮರೆತೇಬಿಟ್ಟಿದ್ದು. ಅದಕ್ಕೇ ಈ ಅಂಗಡಿಯಲ್ಲಿ ಮಾತ್ರ ರೈತರ ದನಿ ಬರುತ್ತಿತ್ತು. ಅದಕ್ಕೇ ಎಡಗಡೆ ಸತ್ತ ಹೆಡ್‌ಸೆಟ್ಟಿಗೆ ಅವನು ಸೀಲು ಒತ್ತಿ ಕೊಟ್ಟಿದ್ದ. ತಿರುಗಿಸಿ ಹಾಕಿಕೊಂಡು ಎಡಗಡೆಯ ಬಟ್ಟಲನ್ನು ಬಲಗಿವಿಗೆ ಒಂದು ಸಲ ಒತ್ತಿಕೊಂಡಿದ್ದರೆ ಸಾಕಿತ್ತು. ಆದರೆ ಅವಳ ಮುಂದೆ ಹಾಗೆ ಮಾಡಿದರೆ ಅವಳು ಯಾಕೆ ಎಂದು ಕೇಳುತ್ತಿದ್ದಳು.

ಎಲ್ಲವನ್ನೂ ಹೇಳಿದ. ಕ್ವಾರಿ, ಕುಳಿ, ಕಿವಿ, ಗುಂಡಿ. ಹೇಳುತ್ತ ಹೇಳುತ್ತ ಕಂಪನಿಯ ಹೆಡ್‌ಸೆಟ್ಟಿನ ಎಡಗಡೆ ಬಟ್ಟಲು ಬಿಚ್ಚಿದ. ಪೂಜೆಯ ಗಂಧದ ನೀರು ಜಾಲರಿಯೊಳಗೆ ಇಳಿದು, ಒಣಗಿ, ಒಂದು ತಂತಿಯ ಬೆಸುಗೆಯನ್ನು ಹಸಿರು ಮಾಡಿ ಬಿಡಿಸಿತ್ತು. ಕೆರೆದ, ಬೆಸೆದ, ಮುಚ್ಚಿದ. ಹತ್ತು ನಿಮಿಷದ ಕೆಲಸ.

"ಈಗ ಸರಿಯಾಯ್ತು," ಎಂದ. "ಇವತ್ತೇ ಕಳಿಸ್ಬಿಡಿ ನಲವತ್ತನ್ನೂ."

"ನಿನ್ನೆ ಸಂಜೆ ಆರಕ್ಕೆ ಮುಗೀತು." ಅವಳು ಹೆಡ್‌ಸೆಟ್ ತೆಗೆದುಕೊಂಡು ಅದರ ಎಡಗೆನ್ನೆಯಲ್ಲಿ ಉಳಿದಿದ್ದ ವಿಭೂತಿಯ ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿದಳು. "ಏಳಕ್ಕೆ ಮೇಲ್ ಬಂತು. ಥ್ಯಾಂಕ್ಯೂ ಅಂತ ಬರ್ದಿದ್ರು."

ಅವನಿಗೆ ಕ್ಷಮಿಸಿ ಎನ್ನುವ ಮಾತೂ ಸಣ್ಣದೆನಿಸಿತು.

"ಬಯ್ಯಿರಿ," ಎಂದ.

"ಬಯ್ಯೋಣ ಅಂತ್ಲೇ ಬಂದೆ. ಆ ಕಡೆ ಕೂತ್ಕೊಂಡು ಬೈದೂ ಆಯ್ತು." ಅವಳ ಕಣ್ಣು ಕಿರಿದಾಯಿತು. ನಗು ತುಟಿಯವರೆಗೆ ಬರಲಿಲ್ಲ. ಎರಡೂ ಹೆಡ್‌ಸೆಟ್ಟುಗಳನ್ನು ಬ್ಯಾಗಿಗೆ ಹಾಕಿಕೊಂಡಳು. "ಮೊದಲ ಮೂರು ಸಲ ಬೈದೆ. ನಾಲ್ಕನೇ ಸಲ ಬೇರೆ ಏನೋ ಹೇಳ್ದೆ."

"ಏನು?"

"ಆ ಕಡೆಗೆ ಹೇಳಿದ್ದು ಅದು."

*

ಭಾನುವಾರ ಅವನು ಯಳಂದೂರಿಗೆ ಹೋದ. ಜೇಬಿನಲ್ಲಿ ಇನ್ನೊಂದು ಲೆಟರ್‌ಹೆಡ್ ಇತ್ತು. ನನ್ನ ಎಡಗಿವಿ ಕೇಳಿಸುವುದಿಲ್ಲ, ಅದನ್ನು ಮುಚ್ಚಿಟ್ಟು ತಪ್ಪು ಪರೀಕ್ಷೆ ಮಾಡಿ ಕಾಗದ ಕೊಟ್ಟೆ, ತಪ್ಪು ನನ್ನದು, ಮಾಲಿನಿಯವರದಲ್ಲ ಎಂದು ಬರೆದು ಸೀಲು ಒತ್ತಿದ್ದ. ಹದಿಮೂರು ವರ್ಷ ಯಾರಿಗೂ ಹೇಳದ್ದನ್ನು ಒಂದು ಹಾಳೆಯಲ್ಲಿ ಬರೆದ ಮೇಲೆ ಮೈ ಹಗುರಾಗಬೇಕಿತ್ತು, ಆಗಲಿಲ್ಲ.

ಶಿವಕುಮಾರಸ್ವಾಮಿ ಜಗಲಿಯ ಮೇಲೆ ಕೂತು ಪೇಪರು ಓದುತ್ತಿದ್ದರು. ಕೆಟ್ಟ ಮನುಷ್ಯನಲ್ಲ. ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದರು.

"ಇಷ್ಟ್ ದೂರ ಬಂದ್ಯಲ್ಲಪ್ಪ. ಯಾರು ಒಪ್ಕತಾರೆ ಈ ಕಾಲ್ದಲ್ಲಿ ತಪ್ಪು ನಂದು ಅಂತ. ಆದ್ರೆ ಅವರು ನೆನ್ನೆನೇ ಲ್ಯಾಪ್‌ಟಾಪು ಹೆಡ್‌ಸೆಟ್ಟು ಎಲ್ಲ ಕೊರಿಯರಲ್ಲಿ ತರಿಸ್ಕೊಂಡ್ರು. ಓಗ್ಲಿ ಬಿಡು. ಗುರುವಾರ ಸಂತೇಮರಳ್ಳಿಯಿಂದ ಬಸವಕುಮಾರ್ ಮನೆಯೋರು ತಾಂಬೂಲಕ್ಕೆ ಬತ್ತಾವ್ರೆ. ಗೊಬ್ಬರದ ಅಂಗಡಿ, ಒಳ್ಳೆ ಹುಡುಗ. ನೀನೇನು ಮನಸ್ಸಿಗೆ ಹಚ್ಕೋಬೇಡ."

ಮಾಲಿನಿಯ ಅಮ್ಮ ಶಿವರತ್ನಮ್ಮ ಕಾಫಿ ತಂದರು. ಯಜಮಾನರಿಗೆ ಸ್ಟೀಲಿನ ಲೋಟ, ಅವನಿಗೆ ಪೇಪರ್ ಕಪ್ಪು. ಕೊಡುವಾಗ ಅವರು ಪ್ರೀತಿಯಿಂದಲೇ, "ಸಕ್ಕರೆ ಸಾಕಾ ನೋಡಪ್ಪ," ಎಂದರು. ಸಾಕಿತ್ತು. ಅವನು ಕುಡಿದು, ಕಪ್ಪನ್ನು ಎಲ್ಲಿ ಹಾಕಬೇಕೆಂದು ಯಾರೂ ಹೇಳದಿದ್ದರೂ ತಿಳಿದು, ಮಡಚಿ ತನ್ನ ಬ್ಯಾಗಿಗೇ ಹಾಕಿಕೊಂಡ.

ಒಳಗೆ ಫೋನು ಬಡಿದುಕೊಂಡಿತು. ಶಿವಕುಮಾರಸ್ವಾಮಿ ಎದ್ದು ಹೋದರು. ಆ ಹೊತ್ತಿಗೆ ಮಾಲಿನಿ ಒಂದು ಕವರು ಹಿಡಿದು ಬಂದಳು. ಅಂಗಳದಲ್ಲಿ ಹರವಿದ್ದ ಹುರುಳಿಗೆ ಗುಬ್ಬಚ್ಚಿಗಳು ಬಂದಿದ್ದವು. ಅವಳು ಓಡಿಸಲಿಲ್ಲ.

"ನಿಮ್ಮ ಹೆಡ್‌ಸೆಟ್ಟು. ವಾಪಸ್ ಕೊಡ್ಬೇಕಿತ್ತು."

"ಇಟ್ಕೊಂಡಿದ್ರೂ ಆಯ್ತಿತ್ತು."

"ನಿಮ್ದು ಬಾಕಿ ಇನ್ನೂ ಹಂಗೇ ಇದೆ. ಸರಿಯಾದ್ಮೇಲೆ ಕೊಡಿ ಅಂದಿದ್ರಿ."

"ಬಾಕಿ ಏನೂ ಇಲ್ಲ."

"ಇದೆ," ಎಂದಳು. ಅವಳು ಅವನ ಬಲಗಡೆಗೇ ನಿಂತಿದ್ದಳು, ಒಂದು ಮಾರು ದೂರದಲ್ಲಿ. ಒಳಗೆ ಅಪ್ಪನ ಮಾತು ಕೇಳುತ್ತಿತ್ತು. ಗುರುವಾರ, ಹತ್ತೂವರೆ, ಹದಿನೈದು ಜನ ಎಂದು ಯಾರಿಗೋ ಹೇಳುತ್ತಿದ್ದರು. ಮಾಲಿನಿ ಅವನ ಮುಖವನ್ನೇ ನೋಡುತ್ತ, ಕೇಳಲಿ ಎಂದು ಕಾಯುವವಳ ಹಾಗೆ ನಿಂತಳು. ಎರಡು ನಿಮಿಷವಿತ್ತು. ಅವನಿಗೆ ಗೊತ್ತಿತ್ತು, ಕೇಳಬೇಕಾದ ಒಂದು ಮಾತಿದೆ ಎಂದು. ಬ್ಯಾಗಿನೊಳಗಿನ ಪೇಪರ್ ಕಪ್ಪು ಗೊತ್ತಿತ್ತು, ಕೌದಳ್ಳಿಯ ಒಂಟಿ ಕೋಣೆಯ ಮನೆ ಗೊತ್ತಿತ್ತು, ಗುರುವಾರ ಹತ್ತೂವರೆ ಗೊತ್ತಿತ್ತು.

"ಕೊಳ್ಳೇಗಾಲಕ್ಕೆ ಬಸ್ಸು ಎಷ್ಟೊತ್ತಿಗದೆ?" ಎಂದು ಕೇಳಿದ.

ಅವಳು ಅವನ ಮುಖದಿಂದ ಕಣ್ಣು ತೆಗೆದಳು. "ಕಾಲು ಗಂಟೆಗೊಂದಿದೆ," ಎಂದಳು. ಆಮೇಲೆ ಹುರುಳಿಯ ಕಡೆ ತಿರುಗಿ ಗುಬ್ಬಚ್ಚಿಗಳನ್ನು ಓಡಿಸಿದಳು.

*

ಮಾರನೆಯ ದಿನ ಕವರು ಬಿಚ್ಚಿದಾಗ ಹೆಡ್‌ಸೆಟ್ಟಿನ ಜೊತೆ ಒಂದು ಪೆನ್‌ಡ್ರೈವ್ ಇತ್ತು. ಹೆಡ್‌ಸೆಟ್ಟಿಗೆ ಹೊಸ ಸ್ಪಂಜು ಹಾಕಿತ್ತು, ಮನೆಯಲ್ಲೇ ಕರೀ ಬಟ್ಟೆಯಿಂದ ಹೊಲಿದ ಕೈಹೊಲಿಗೆ. ಪೆನ್‌ಡ್ರೈವಿನಲ್ಲಿ ಒಂದೇ ಒಂದು ಫೈಲು.

ಅವನು ಹೆಡ್‌ಸೆಟ್ ಹಾಕಿಕೊಂಡು ಒತ್ತಿದ. ಅವಳ ದನಿ ಬಂತು, ಆಫೀಸಿನವರು ಮಾತಾಡುವ ಹಾಗೆ, ಮಧ್ಯೆ ಮಧ್ಯೆ ನಿಂತು.

"ಮಾಲಿನಿ... ಇಪ್ಪತ್ತೇಳು... ಇಲ್ಲ, ಇಷ್ಟ ಇಲ್ಲ. ಕೆಟ್ಟವನಲ್ಲ, ಆದ್ರೆ ಇಷ್ಟ ಇಲ್ಲ... ಗೊತ್ತಿತ್ತು, ಎರಡನೇ ಸಲಕ್ಕೇ ಗೊತ್ತಾಯ್ತು, ಸ್ಕ್ರೂ ಡ್ರೈವರ್ ಬಿದ್ದಾಗ... ಹ್ಞೂ... ಹ್ಞೂ, ಬರ್ತಿದ್ದೆ."

ಬರೀ ಉತ್ತರಗಳು. ಅವನಿಗೆ ಅರ್ಥವಾಯಿತು. ಅವಳು ಬಯ್ಯಲು ಬಂದಿದ್ದ ಗುರುವಾರವೇ, ಇನ್ನೊಬ್ಬ ಗಿರಾಕಿಗೆ ಹೀಗಾಗಬಾರದೆಂದು ಅವನು ತನ್ನ ಕಂಪ್ಯೂಟರಿನಲ್ಲಿ ಎಡಬಲದ ದನಿ ಕಲಸುವ ಆ ಗುಂಡಿಯನ್ನು ಆರಿಸಿಟ್ಟಿದ್ದ. ಈಗ ಎಡಗಡೆಯದು ಎಡಗಡೆಗೇ ಹೋಗುತ್ತಿತ್ತು, ಸತ್ತ ಬಟ್ಟಲಿಗೆ, ಸತ್ತ ಕಿವಿಗೆ. ಸೆಟ್ಟಿಂಗ್ ತೆಗೆದ. ಬಾಣದ ಗುರುತನ್ನು ಆ ಗುಂಡಿಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತ. ಒಬ್ಬರು ಪೂಜೆಯಾದ ಪ್ರಿಂಟರ್ ತಂದರು, ಇಟ್ಟು ಹೋಗಿ ಎಂದ. ಆಮೇಲೆ ಒತ್ತಿದ.

ಈ ಸಲ ಎರಡು ದನಿ ಬಂದವು. ಎರಡೂ ಅವಳದೇ. ಪ್ರಶ್ನೆ ಕೇಳುವಾಗ ಅವಳು ದನಿಯನ್ನು ಸ್ವಲ್ಪ ದಪ್ಪ ಮಾಡಿ, ಕೌದಳ್ಳಿ ಕಡೆಯ ಮಾತನ್ನು ಕಲಿತು ಹೇಳಿದ್ದಳು. ನಗು ತಡೆದುಕೊಂಡು ಹೇಳಿದ್ದು ತಿಳಿಯುತ್ತಿತ್ತು.

"ನಿಮ್ಮೆಸ್ರೇನು ಮೇಡಂ?"

"ಮಾಲಿನಿ."

"ವಯಸ್ಸೆಷ್ಟು ಅಂತ ಕೇಳ್ಬೋದಾ?"

"ಇಪ್ಪತ್ತೇಳು."

"ಅಪ್ಪಾರು ನೋಡಿರೋ ಗಂಡು ನಿಮ್ಗೆ ಇಷ್ಟನಾ?"

"ಇಲ್ಲ, ಇಷ್ಟ ಇಲ್ಲ. ಕೆಟ್ಟವನಲ್ಲ, ಆದ್ರೆ ಇಷ್ಟ ಇಲ್ಲ."

"ನಂಗೆ ನೀವಂದ್ರೆ ಇಷ್ಟ ಅಂತ ಗೊತ್ತಾ ನಿಮ್ಗೆ?"

"ಗೊತ್ತಿತ್ತು, ಎರಡನೇ ಸಲಕ್ಕೇ ಗೊತ್ತಾಯ್ತು, ಸ್ಕ್ರೂ ಡ್ರೈವರ್ ಬಿದ್ದಾಗ."

"ನಿಮ್ಗೂ ಇಷ್ಟನಾ?"

"ಹ್ಞೂ."

"ನಾನು ಬಾ ಅಂತ ಕೇಳಿದ್ರೆ ಬತ್ತಿದ್ರಾ?"

"ಹ್ಞೂ, ಬರ್ತಿದ್ದೆ."

ದೂರದಲ್ಲಿ ಅವಳ ಮನೆಯ ಗೇಟು ಕಿರ್ರೆಂದದ್ದು ಕೇಳಿಸಿತು. ಆಮೇಲೆ ಕೊನೆಯ ಪ್ರಶ್ನೆ. ಇದನ್ನು ದನಿ ಬದಲಿಸದೆ, ತನ್ನ ದನಿಯಲ್ಲೇ ಕೇಳಿದ್ದಳು.

"ಯಾಕೆ ಕೇಳ್ಲಿಲ್ಲ?"

ಅದಕ್ಕೆ ಉತ್ತರವಿರಲಿಲ್ಲ. ಉತ್ತರಕ್ಕೆಂದು ಜಾಗ ಮಾತ್ರ ಬಿಟ್ಟಿದ್ದಳು. ಫೈಲು ಇನ್ನೂ ಅರ್ಧ ನಿಮಿಷ ಸುಮ್ಮನೆ ಓಡಿತು, ಗೆರೆ ಮಟ್ಟಸವಾಗಿ, ತುದಿಯವರೆಗೆ.

ಹೊರಗೆ ಯಳಂದೂರಿನ ಬಸ್ಸು ಹಾರನ್ ಮಾಡಿ ಹೊರಟಿತು. ಮಾದಸ್ವಾಮಿ ಹೆಡ್‌ಸೆಟ್ ತೆಗೆಯದೆ ಎಡಗಡೆಗೆ ತಿರುಗಿದ. ಸಿಪಿಯು ರಾಶಿಯ ಪಕ್ಕ ಸ್ಟೂಲು ಅವಳು ಎದ್ದುಹೋದ ಹಾಗೇ ಸ್ವಲ್ಪ ಓರೆಯಾಗಿ ಇತ್ತು.

"ಭಯ ಆಯ್ತು ಮಾಲಿನಿ," ಎಂದ, ಆ ಕಡೆಗೆ, ಮೆಲ್ಲಗೆ.

"ಏನಾರ ಅಂದ್ಯೇನ್ಲಾ?" ಎಂದಳು ರತ್ನಕ್ಕ ಗೋಡೆಯ ಆಚೆಯಿಂದ.

"ಏನಿಲ್ಲ ಕಣಕ್ಕ."

ಪೆನ್‌ಡ್ರೈವನ್ನು ಹೊರತೆಗೆದು, ಗಿರಾಕಿಗಳು ಬಾಕಿ ಉಳಿಸಿದ ಚೀಟಿಗಳನ್ನು ಹಾಕುವ ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿದ. ಆಮೇಲೆ ಬ್ರಷ್ಷು ತೆಗೆದುಕೊಂಡು, ಪ್ರಿಂಟರಿನ ಬಾಯಿ ಬಿಚ್ಚಿ, ಒಳಗೆ ಅಂಟಿದ್ದ ಕುಂಕುಮವನ್ನು ಉದುರಿಸತೊಡಗಿದ.